ಗಾಳ ಕಟ್ಟದೆ ದಾರ ಬಿಡುವ ಕಾಮಣ್ಣ

ಮೂಡಣದಲ್ಲಿ ಇನ್ನೂ ಕೆಂಪು ಏರಿಲ್ಲ. ಕೃಷ್ಣೆಯ ಮೇಲೆ ತೆಳುವಾದ ಮಂಜು ಹಾಸಿಕೊಂಡಿದೆ. ರಬಕವಿಯಿಂದ ಜೋಳದ ಹೊಲಗಳ ನಡುವಿನ ಕಾಲುದಾರಿ ಹಿಡಿದು ಬಂದ ಕಾಮಣ್ಣ ದಂಡೆಯಲ್ಲಿ ಕೆರವು ಬಿಡುತ್ತಾನೆ. ಬೊಗಸೆ ನೀರು ತೆಗೆದು ಕಣ್ಣಿಗೊತ್ತಿಕೊಳ್ಳುತ್ತಾನೆ, ಕೊರಳಿನ ಲಿಂಗವನ್ನು ಅಂಗಿಯೊಳಗೆ ಸರಿಸಿಕೊಳ್ಳುತ್ತಾನೆ, ಧೋತರವನ್ನು ಮೊಣಕಾಲಿನ ಮೇಲೆ ಕಟ್ಟಿ, ಹೊಳೆಯೊಳಕ್ಕೆ ಚಾಚಿಕೊಂಡಿರುವ ಕರಿಗಲ್ಲಿನ ತುದಿಗೆ ಹೋಗಿ ನಿಲ್ಲುತ್ತಾನೆ. ಕೈಯಲ್ಲಿ ಒಂದು ಕೋಲು, ಕೋಲಿನ ಮೇಲೆ ಸುತ್ತಿದ ದಾರ. ಗಾಜಿನ ಎಳೆಯ ಹಾಗೆ ಹೊಳೆಯುವ, ಈ ಸೀಮೆಯಲ್ಲಿ ಅಪರೂಪವಾದ ನೈಲಾನ್ ದಾರ.

ಆ ದಾರದ ತುದಿಯನ್ನು ಅವನು ನೀರಿಗೆ ಬಿಡುತ್ತಾನೆ. ತುದಿಗೆ ಗಾಳವಿಲ್ಲ, ಎರೆಹುಳವಿಲ್ಲ, ಭಾರದ ಗುಂಡೂ ಇಲ್ಲ. ಬರಿಯ ದಾರ. ಸೆಳವು ಅದನ್ನು ಮೆಲ್ಲಗೆ ಎಳೆದುಕೊಂಡು ಹೋಗುತ್ತದೆ. ಕೋಲು ಅವನ ಎರಡು ಅಂಗೈಗಳ ನಡುವೆ ತಿರುಗುತ್ತದೆ.

ಸ್ನಾನಕ್ಕೆ ಬಂದವರಿಗೆ ಇದು ದಿನದ ತಮಾಷೆ.

"ಏನ ಕಾಮಣ್ಣ, ಇವತ್ತೂ ಗಾಳ ಮನ್ಯಾಗ ಮರತ ಬಂದೀಯೇನು?"

"ಮರತಿಲ್ಲೋ ಮಾರಾಯಾ," ಎಂದು ಕಾಮಣ್ಣನ ಬದಲು ಇನ್ನೊಬ್ಬ ಹೇಳುತ್ತಾನೆ. "ಮೀನಿಗಿ ಹೇಳಿ ಕಳಸ್ಯಾನ, ಬಂದು ನೀವಽ ಬಾಯಾಗ ಹಿಡಕೋರಿ ಅಂತ. ಲಿಂಗವಂತ್ರ ದಾರ, ಪಾಪ, ಯಾರಿಗೂ ಚುಚ್ಚೂದಿಲ್ಲ."

ನೀರಲ್ಲಿ ನಿಂತವರೆಲ್ಲ ನಗುತ್ತಾರೆ. "ಚುಚ್ಚೂದಿಲ್ಲ" ಎಂಬ ಮಾತು ಬಿದ್ದಾಗ ಕಾಮಣ್ಣನ ತಲೆ ತುಸು ಬಾಗುತ್ತದೆ. ಆಡಿದವನಿಗೂ ಮಾತು ಎಲ್ಲಿ ತಾಗಿತೆಂದು ಗೊತ್ತಾಗಿ, ಅವನು ಮುಳುಗು ಹಾಕುತ್ತಾನೆ.

"ಮೀನ ಹಿಡಿಯಾಕ ಬಂದಿಲ್ರೀ ನಾ," ಎನ್ನುತ್ತಾನೆ ಕಾಮಣ್ಣ, ಕಣ್ಣನ್ನು ದಾರದ ಮೇಲಿಂದ ಎತ್ತದೆ. "ಮುರಿ ಬಿಡಸಾಕ ಬಂದೇನಿ."

ದಾರ ತನ್ನ ಸುತ್ತ ತಾನೇ ತಿರುಚಿಕೊಳ್ಳುವುದಕ್ಕೆ ಅವನು ಮುರಿ ಅನ್ನುತ್ತಾನೆ. ಮುರಿ ಬಿದ್ದ ದಾರ ಬಿಗಿಯಾಗಿ ಎಳೆದಿರುವ ತನಕ ಸಾಧುವಿನಂತಿರುತ್ತದೆ. ತುಸು ಸಡಿಲಾಯಿತೋ, ಹಾವಿನ ಮರಿಯ ಹಾಗೆ ಹೊರಳಿ ಉಂಗುರ ಕಟ್ಟುತ್ತದೆ. ಗಾಳ ಹಾಕುವವನು ದಾರ ಸುತ್ತಿಡುವ ಗಿರಕಿಯಲ್ಲಿ ಇಂಥ ಒಂದು ಉಂಗುರ ಸಾಕು, ದಾರವೆಲ್ಲ ಸಿಕ್ಕಾಗಿ ಬೆಳಗಿನ ದುಡಿಮೆ ಹೊಳೆಯ ಪಾಲಾಗುತ್ತದೆ. ದುಡಿಮೆಯಷ್ಟೇ ಹೋದರೆ ಪುಣ್ಯ.

ಹಾಗೆ ಮುರಿ ಬಿದ್ದ ದಾರವನ್ನು ತುದಿಗೆ ಏನೂ ಕಟ್ಟದೆ ಸೆಳವಿಗೆ ಬಿಟ್ಟರೆ, ತುದಿ ನೀರಲ್ಲಿ ತನ್ನಷ್ಟಕ್ಕೆ ತಿರುಗಿ ತಿರುಗಿ ತಿರುಚನ್ನು ಕಳೆದುಕೊಳ್ಳುತ್ತದೆ. ಬಿಡಿಸುವವಳು ಹೊಳೆ. ಕಾಮಣ್ಣನ ಕೆಲಸ ಹಿಡಿದು ನಿಲ್ಲುವುದು, ಅವಸರ ಮಾಡದಿರುವುದು. ಆಮೇಲೆ ಒದ್ದೆ ಅರಿವೆಯ ಚೂರನ್ನು ಎರಡು ಬೆರಳ ನಡುವೆ ಹಿಡಿದು, ಅದರೊಳಗಿಂದ ದಾರ ಹಾಯಿಸಿ ಮತ್ತೆ ಸುತ್ತಿಕೊಳ್ಳುತ್ತಾನೆ. ಇಷ್ಟಾದ ಮೇಲೆ ಜೋಲಿ ನೋಡುವುದು. ಒಂದು ಮಾರು ದಾರವನ್ನು ಎರಡೂ ಕೈಯಲ್ಲಿ ಹಿಡಿದು ಕೈಗಳನ್ನು ಹತ್ತಿರ ತಂದರೆ ನಡುವೆ ತೊಟ್ಟಿಲಿನಂತೆ ಜೋಲಿ ಇಳಿಯುತ್ತದೆ. ಜೋಲಿ ಅಲುಗದೆ ನಿಂತರೆ ದಾರ ಶುದ್ಧ. ತಾನಾಗಿ ತಿರುಗತೊಡಗಿದರೆ ಇನ್ನೂ ಮುರಿ ಉಳಿದಿದೆಯೆಂದು ಅರ್ಥ.

ತುಬಚಿಯಿಂದ ಹಿಡಿದು ಈ ದಂಡೆಯುದ್ದಕ್ಕೂ ಗಾಳ ಹಾಕುವ ಅಂಬಿಗರ ಮನೆಗಳಲ್ಲಿ ಕಟ್ಟಿಗೆಯ ಗಿರಕಿಗಳಿವೆ. ಸಂಸ್ಥಾನದ ಕಾಲದಲ್ಲಿ ಬೇಟೆಗೆಂದು ಬರುತ್ತಿದ್ದ ಅತಿಥಿಗಳ ಹಿತ್ತಾಳೆ ಗಿರಕಿಗಳನ್ನು ಕಂಡು, ಊರ ಬಡಿಗೇರರಿಂದ ಜಾಲಿ ಕಟ್ಟಿಗೆಯಲ್ಲಿ ಮಾಡಿಸಿಕೊಂಡವು. ಅಂಗೈಯಗಲದ ಗಾಲಿ, ನಡುವೆ ಅಚ್ಚು, ತಿರುವಲು ಒಂದು ಗೂಟ. ಅವುಗಳಿಗೆ ದಾರ ಸುತ್ತಿಕೊಡುವವನು, ಮುರಿ ಬಿದ್ದರೆ ಬಿಡಿಸಿಕೊಡುವವನು ಕಾಮಣ್ಣ. ಬುಟ್ಟಿಯಲ್ಲಿ ಮೀನು ತುಂಬಿ ಬನಹಟ್ಟಿಯ ಪೇಟೆಗೆ ಬಂದಾಗ ಕೊಳ್ಳುವವರು ಮೀನನ್ನು ನೋಡುತ್ತಾರೆ, ಹಿಡಿದವನನ್ನು ಹೊಗಳುತ್ತಾರೆ. ದಾರ ಯಾರದೆಂದು ಯಾರೂ ಕೇಳಿಲ್ಲ. ಕೇಳದಿರುವುದೇ ಒಳ್ಳೆಯದೆಂದು ಕಳೆದ ವರ್ಷದಿಂದ ಕಾಮಣ್ಣ ತಿಳಿದುಕೊಂಡಿದ್ದಾನೆ.

ಅವನದು ನೇಕಾರರ ಮನೆ. ಮೀನು ಮುಟ್ಟುವ ಕುಲವಲ್ಲ. ಮಗ್ಗಕ್ಕೆ ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ ಹೊಕ್ಕಿನ ನೂಲು ಸುತ್ತುವುದು, ಅವನಿಗೆ ತಾಯಿಯ ಮಡಿಲಲ್ಲೇ ಬಂದ ಕೆಲಸ. ಸಂಸ್ಥಾನಗಳು ಮುಗಿದು ಮುಂಬೈ ಸರಕಾರ ಬಂದ ಹೊಸತರಲ್ಲಿ ನೂಲಿಗೆ ಕಂಟ್ರೋಲಿತ್ತು. ಮಗ್ಗ ಅರ್ಧ ವಾರ ಸುಮ್ಮನೆ ಕೂರುತ್ತಿತ್ತು. ಆಗ ಅವನು ಉಳಿದ ನೂಲಿನ ತುಂಡುಗಳನ್ನು ಕೂಡಿಸಿ ಹುರಿ ಹೊಸೆದ, ಜಾಲಿ ತೊಗಟೆಯ ಕಷಾಯದಲ್ಲಿ ಅದ್ದಿ ಗಟ್ಟಿ ಮಾಡಿದ, ಹೊಳೆಯ ದಂಡೆಗೆ ಒಯ್ದ. ಅಂಬಿಗರು ಎಳೆದು ನೋಡಿದರು, ಹರಿಯಲಿಲ್ಲ. ಅಂದಿನಿಂದ ಈ ಕಸುಬು.

ಹೆಂಡತಿ ಶಿವವ್ವನಿಗೆ ಇದು ಸರಿಬಂದಿಲ್ಲ. "ಹೊರಗಽ ನಿಂದರ್ರಿ, ಹೊರಗ," ಎನ್ನುತ್ತಾಳೆ ಅವನು ಮನೆಗೆ ಬಂದ ಕೂಡಲೆ. "ಮೀನದ ನೀರ ಮೆಟ್ಟಿ ಬಂದ ಕಾಲು ಅದು. ಬಚ್ಚಲದಾಗ ನೀರ ಇಟ್ಟೇನಿ. ಮೊದಲ ಮೈ ತೊಳಕೋರಿ, ಆಮ್ಯಾಲ ಪೂಜಿ, ಆಮ್ಯಾಲ ರೊಟ್ಟಿ."

"ನಾ ಮೀನ ಮುಟ್ಟಿಲ್ಲಲ್ಲ ಬೇ."

"ಮುಟ್ಟಿಲ್ಲ. ಮುಟ್ಟೂ ಹಂಗ ಮಾಡಿಕೊಟ್ಟು ಬಂದೀರಿ."

ಅವನು ಎದುರಾಡುವುದಿಲ್ಲ. ಮೀನಿನ ಪಾಪದ ಲೆಕ್ಕವನ್ನು ಶಿವನಿಗೇ ಬಿಟ್ಟಿದ್ದಾನೆ. ದುಡಿದು ತಿನ್ನುವವರಿಗೆ ದಾರ ಕೊಟ್ಟೆ, ಅಷ್ಟೆ, ಎಂದುಕೊಂಡು ಪೂಜೆಗೆ ಕೂತರೆ ಮೊದಲೆಲ್ಲ ಮನಸ್ಸು ನಿಲ್ಲುತ್ತಿತ್ತು. ಕೂಲಿಯೆಂದು ಅಂಬಿಗರ ಹೆಂಗಸರು ಕೊಡುತ್ತಿದ್ದದ್ದು ಹೊಳೆಸಾಲಿನ ಬದನೆಕಾಯಿ, ಸೌತೆಕಾಯಿ. ಅದನ್ನು ಶಿವವ್ವನೂ ಬೇಡವೆನ್ನುತ್ತಿರಲಿಲ್ಲ. ಈಗ ಅವನು ಅದನ್ನೂ ತರುವುದಿಲ್ಲ. ಕೂಲಿಗೆ ಕೈ ಚಾಚಬೇಕಾದರೆ ಕೈಯಲ್ಲಿ ಕಳಂಕವಿರಬಾರದು ಎಂದು ಅವನ ಮನಸ್ಸು.

ಆದದ್ದು ಇಷ್ಟು. ಮಲಕಾಜಪ್ಪ ಈ ದಂಡೆಯ ಅಂಬಿಗ. ಹರಗೋಲು ಹಾಕಿ ಜನರನ್ನು ದಾಟಿಸುತ್ತಾನೆ, ಬೆಳಗಿನ ಹೊತ್ತು ಗಾಳ ಹಾಕುತ್ತಾನೆ. ಕಾಮಣ್ಣನ ಓರಗೆಯವನು, ಮಾತಿನ ಗೆಳೆಯ. ಮುಂಬೈ ಬಂದರಿನಲ್ಲಿ ಹಮಾಲಿ ಮಾಡುವ ಅವನ ಭಾವಮೈದುನ ಹೋದ ವರ್ಷ ಹಬ್ಬಕ್ಕೆ ಬಂದಾಗ ಒಂದು ಉಂಡೆ ನೈಲಾನ್ ದಾರ ತಂದುಕೊಟ್ಟ. ನೀರಲ್ಲಿ ಕಾಣುವುದೇ ಇಲ್ಲ ಎಂದು ದಂಡೆಯ ಜನವೆಲ್ಲ ಅದನ್ನು ನೋಡಲು ನೆರೆದರು. ಗಿರಕಿಗೆ ಸುತ್ತಲು ಕಾಮಣ್ಣನನ್ನೇ ಕರೆದರು.

ನೇಕಾರರ ಮನೆಯಲ್ಲಿ ನೂಲಿನ ಉಂಡೆಯನ್ನು ನೆಲಕ್ಕೆ ನಿಲ್ಲಿಸಿ ತಲೆಯ ಕಡೆಯಿಂದ ಎಳೆಯುವುದು ರೂಢಿ. ಹಾಗೆ ಎಳೆದಾಗ ಬಿಚ್ಚಿಕೊಳ್ಳುವ ಪ್ರತಿ ಸುತ್ತಿಗೂ ಒಂದೊಂದು ತಿರುಚು ನೂಲಿಗೆ ಸೇರುತ್ತದೆ. ಬಟ್ಟೆಯಲ್ಲಿ ಅದರಿಂದ ಕೇಡಿಲ್ಲ. ಮಗ್ಗದ ಬಾಚಣಿಗೆಯಾದ ಹಣಿಗೆ ಬಡಿದ ಮೇಲೆ ಹೊಕ್ಕಿನ ಎಳೆ ಅಲ್ಲೇ ಸಿಕ್ಕಿಬೀಳುತ್ತದೆ, ತಿರುಚಿದ್ದರೂ ಹೊರಳಲು ಜಾಗವಿಲ್ಲ. ಹತ್ತಿಯ ಹುರಿಯೂ ನೆನೆದು ಮೆತ್ತಗಾಗಿ ಇಷ್ಟು ದಿನ ತಪ್ಪನ್ನು ಕ್ಷಮಿಸಿತ್ತು. ಕಾಮಣ್ಣನ ಕೈ ತನಗೆ ಗೊತ್ತಿದ್ದ ಹಾಗೇ ನಡೆಯಿತು. ಜನ ನೋಡುತ್ತಿದ್ದಾರೆಂಬ ಹುರುಪೂ ಇತ್ತು.

"ಕಣ್ಣ ಪಿಳಕಿಸೂದ್ರಾಗ ಸುತ್ತಿದ್ನಿರಿ," ಎನ್ನುತ್ತಾನೆ ಅವನು. ದನಿ ಇಳಿಯುತ್ತದೆ. "ಎಲ್ಲಾರೂ ಭಲೆ ಭಲೆ ಅಂದ್ರು. ನಾ ಇನ್ನೂ ಜೋರ ತಿರುವಿದ್ನಿ."

ಕೊನೆಯಲ್ಲಿ ಗಿರಕಿಯ ಮೇಲೆ ಒಂದು ಸಣ್ಣ ಉಂಗುರ ಎದ್ದು ನಿಂತಿತು. ಮಲಕಾಜಪ್ಪ ಅದನ್ನು ಕಂಡ. "ಏನಲೇ ಅದು, ಜುಟ್ಟು ಎದ್ದೈತಲ್ಲ?" ಎಂದು ಕೇಳಿದ. ಕಾಮಣ್ಣ ಹೆಬ್ಬೆರಳಿನಿಂದ ಅದನ್ನು ಒತ್ತಿ, ಮೇಲೆ ನಾಲ್ಕು ಸುತ್ತು ಹಾಕಿ, "ನೀರಿಗಿ ಬಿದ್ರ ತಾನಽ ಹೋಗ್ತೈತಿ ಬಿಡೋ" ಎಂದ.

ಮರುದಿನ ನಸುಕಿನಲ್ಲಿ ದೊಡ್ಡದೊಂದು ಬಾಳೆಮೀನು ಗಾಳ ಕಚ್ಚಿ ಓಡಿತು. ಗಿರಕಿ ತಿರುಗಿತು, ದಾರ ಸಡಿಲಾದ ಒಂದು ಕ್ಷಣದಲ್ಲಿ ಉಂಗುರ ಎದ್ದು ಮಲಕಾಜಪ್ಪನ ಬಲಗೈಯ ತೋರುಬೆರಳಿಗೆ ಬಿತ್ತು. ಅತ್ತ ಮೀನಿನ ಎಳೆತ, ಇತ್ತ ಬೆರಳು. ದಾರ ಎಲುಬಿನವರೆಗೆ ಇಳಿಯಿತು. ಜಮಖಂಡಿಯ ದವಾಖಾನೆಯಲ್ಲಿ ಹೊಲಿಗೆ ಹಾಕಿದರು, ಬೆರಳು ಉಳಿಯಿತು. ಆದರೆ ಮಡಚಲು ಬಾರದಂತೆ ಸೆಟೆದುಕೊಂಡಿತು.

ಅಂದು ಓಡಿ ಹೋದ ಕಾಮಣ್ಣನನ್ನು ಮಲಕಾಜಪ್ಪನ ಹೆಂಡತಿ ಬೋರವ್ವ ಹೊಸ್ತಿಲಲ್ಲೇ ತಡೆದಳು. ಬೈಯಲಿಲ್ಲ. ರಕ್ತದ ಕಲೆಯಿದ್ದ ದಾರವನ್ನೆಲ್ಲ ಗಿರಕಿಯಿಂದ ಬಿಚ್ಚಿ ಅವನ ಕಾಲ ಬಳಿ ಇಟ್ಟಳು. "ನಿಮ್ಮ ಕೈ ಸುತ್ತಿದ ದಾರ ನಮ್ಮ ಮನ್ಯಾಗ ಬ್ಯಾಡ" ಎಂದಳು. ಬರಿದಾದ ಗಿರಕಿಯನ್ನು ಗೂಟಕ್ಕೆ ನೇತುಹಾಕಿದಳು. ಅದು ಇಂದಿಗೂ ಅಲ್ಲೇ ತೂಗುತ್ತಿದೆ. ಅಂದಿನಿಂದ ಅವಳು ಕಾಮಣ್ಣನ ಜೊತೆ ಮಾತಾಡಿಲ್ಲ. ಎದುರಾದರೆ ಸೆರಗು ಸರಿಪಡಿಸಿಕೊಂಡು, ಗಾಳಿಗೆ ಹೇಳಿದ ಹಾಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತಾಳೆ.

ಮಲಕಾಜಪ್ಪ ಮಾತ್ರ ಮಾತು ಬಿಟ್ಟಿಲ್ಲ. ಅವನ ಬಾಯಿ ಮೊದಲಿನದೇ. "ಕಾಮಣ್ಣ ನನಗ ಉಂಗರಾ ತೊಡಿಸ್ಯಾನ್ರೋ, ಬಂಗಾರದ್ದಽ ಇತ್ತು, ನೀರಾಗ ಹೋತು" ಎಂದು ಹರಗೋಲಿನಲ್ಲಿ ಕೂತವರಿಗೆ ಹೇಳಿ ನಗುತ್ತಾನೆ. ಬೈದಿದ್ದರೆ ಕಾಮಣ್ಣ ತಡೆದುಕೊಳ್ಳುತ್ತಿದ್ದ. ಆ ನಗುವನ್ನು ತಡೆಯುವುದು ಅವನಿಂದಾಗುವುದಿಲ್ಲ. ಹೊಳೆ ದಾಟಬೇಕಾದರೆ ಕಾಲ್ನಡೆಯಲ್ಲೇ ಹಾಯಬಹುದಾದ ದೂರದ ಹಾಯಿಗಡದವರೆಗೆ ಹೋಗುತ್ತಾನೆ, ಗೆಳೆಯನ ಹರಗೋಲು ಹತ್ತುವುದಿಲ್ಲ. ಹತ್ತಿದರೆ ಹುಟ್ಟು ಹಿಡಿದ ಆ ಕೈ ಕಣ್ಣೆದುರಿಗೇ ಬರುತ್ತದಲ್ಲ. ಮಠದಲ್ಲಿ ಪ್ರಸಾದಕ್ಕೆ ಕೂತಾಗಲೂ ತನ್ನ ತೋರುಬೆರಳನ್ನು ತಾನೇ ಮಡಚಿ ಬಚ್ಚಿಟ್ಟುಕೊಳ್ಳುತ್ತಾನೆ. ಮಡಚಲು ಬರುತ್ತದೆನ್ನುವುದೇ ಅವನಿಗೆ ನಾಚಿಕೆ.

"ಅವನಿಗಿ ಒಂದ ಮಾತು ಕೇಳೂದೈತ್ರಿ," ಎನ್ನುತ್ತಾನೆ. ಬೆರಳಿಗೆ ಇತ್ತ ಬಟ್ಟು ಎನ್ನುತ್ತಾರೆ. "ಬಟ್ಟ ನೋಯ್ತೈತೇನೋ ಅಂತ. ಇಷ್ಟಽ. ವರ್ಷ ಆತು, ಬಾಯಿ ಬರವಲ್ದು. ನೋಯ್ತೈತಿ ಅಂದ್ರ ಏನ ಮಾಡ್ಲಿ? ಇಲ್ಲ ಅಂದ್ರ, ನನ್ನ ಸಲುವಾಗಿ ಸುಳ್ಳ ಹೇಳ್ಯಾನ ಅನಸ್ತೈತಿ."

ಬಾಯಿಗೆ ಬಾರದ ಮಾತನ್ನು ಅವನು ಕೈಗೆ ಹಾಕಿದ್ದಾನೆ. ಇಂದು ಕರಿಗಲ್ಲಿನ ಮೇಲಿಂದ ಅವನು ಸೆಳವಿಗೆ ಬಿಡುತ್ತಿರುವ ದಾರ ಆ ಮನೆಯದೇ. ಹರಿದ ತುದಿಯನ್ನು ಕತ್ತರಿಸಿ, ಕಲೆ ತೊಳೆದು, ಬೇರೆ ಯಾರ ಗಿರಕಿಯನ್ನು ಮುಟ್ಟುವ ಮುಂಚೆಯೂ ದಿನಾ ಬೆಳಗ್ಗೆ ಅದನ್ನೇ ಮೊದಲು ನೀರಿಗೆ ಬಿಡುತ್ತಾನೆ. ಕೊಡು ಎಂದು ಯಾರೂ ಕೇಳಿಲ್ಲ. ನೈಲಾನ್ ಹಟಮಾರಿ, ಒಮ್ಮೆ ಕಲಿತ ತಿರುಚನ್ನು ಹತ್ತಿಯಂತೆ ಬೇಗ ಮರೆಯುವುದಿಲ್ಲ.

ಸುತ್ತುವ ರೀತಿಯನ್ನೂ ಬದಲಿಸಿದ್ದಾನೆ. ಈಗ ಉಂಡೆಯ ನಡುವೆ ಕೋಲು ತೂರಿಸಿ, ಎರಡು ಕವಲುಗೂಟಗಳ ಮೇಲೆ ಅಡ್ಡ ಇಡುತ್ತಾನೆ. ಗಿರಕಿ ತಿರುಗಿದ ಹಾಗೆ ಉಂಡೆಯೂ ತಿರುಗಿ ದಾರ ಬಿಡಬೇಕು. ಎಳೆ ನೆಟ್ಟಗೆ ಬರುತ್ತದೆ, ತಿರುಚು ಸೇರುವುದಿಲ್ಲ. ಕೆಲಸ ನಿಧಾನ. ಮೊದಲು ಹೊತ್ತು ಏರುವುದರೊಳಗೆ ನಾಲ್ಕೈದು ಗಿರಕಿ ಮುಗಿಸುತ್ತಿದ್ದವನು ಈಗ ಎರಡಕ್ಕೆ ನಿಲ್ಲುತ್ತಾನೆ. ದಾರಕ್ಕೂ ಗಾಳಕ್ಕೂ ನಡುವೆ ಒಂದು ಪುಟ್ಟ ತಿರುಗಣಿಯನ್ನೂ ಸೇರಿಸುತ್ತಾನೆ. ಎತ್ತಿನ ಹಗ್ಗ ತಿರುಚಿ ಕೊರಳಿಗೆ ಬಿಗಿಯದಿರಲೆಂದು ರೈತರು ಹಾಕುವ ಕಬ್ಬಿಣದ ತಿರುಗಣಿಯನ್ನು ಕಂಡು ಹೊಳೆದದ್ದು. ಗಾಳ ಎಷ್ಟು ಸುತ್ತಿದರೂ ಸುತ್ತು ಅಲ್ಲೇ ಉಳಿಯುತ್ತದೆ, ದಾರಕ್ಕೆ ಏರುವುದಿಲ್ಲ. ಗೋದಿಕಾಳಿನಷ್ಟು ಚಿಕ್ಕದಾಗಿ ಮಾಡಿಕೊಡಲು ಜಮಖಂಡಿಯ ಶಿದ್ರಾಮಪ್ಪ ಪತ್ತಾರನ ಹತ್ತಿರ ಹೋದಾಗ ಅವನು ಕುಲುಮೆ ಊದುವುದನ್ನು ಬಿಟ್ಟು ನಕ್ಕನಂತೆ.

"ಬಂಗಾರದ ಕೆಲಸ ಮಾಡೂ ಕೈಗಿ ಏನ ತಂದಿ ಕಾಮಣ್ಣ! ಮೀನಿಗಿ ಮೂಗಬಟ್ಟ ಮಾಡಲೇನು?"

"ಮೀನಿಗಲ್ರಿ," ಎಂದನಂತೆ ಇವನು. "ಮನಶ್ಯಾರ ಬಟ್ಟಿನ ಸಲುವಾಗಿ."

ಪತ್ತಾರ ಮತ್ತೆ ನಗಲಿಲ್ಲ. ಆ ಕಥೆ ಜಮಖಂಡಿಗೂ ಮುಟ್ಟಿತ್ತು.

ಮಂಜು ಕರಗುತ್ತಿದೆ. ಸ್ನಾನದವರು ಒಬ್ಬೊಬ್ಬರಾಗಿ ಮೇಲೇರುತ್ತಿದ್ದಾರೆ. ಕಾಮಣ್ಣ ದಾರವನ್ನು ಒದ್ದೆ ಅರಿವೆಯಲ್ಲಿ ಹಾಯಿಸಿ ಕೋಲಿಗೆ ಸುತ್ತಿಕೊಳ್ಳುತ್ತಿರುವಾಗ ಹಿಂದೆ ಬಳೆಯ ಸದ್ದು. ಬೋರವ್ವ. ಕೊಡ ತುಂಬಲು ಅವಳು ಇಳಿಯುವ ಜಾಗ ಇದಲ್ಲ, ಆಚೆಯದು. ಕೊಡವನ್ನು ಕೆಳಗಿಟ್ಟು ಹೊಳೆಯ ಕಡೆಗೇ ನೋಡುತ್ತ ಗಾಳಿಗೆ ಹೇಳುತ್ತಾಳೆ.

"ಬಲಿ ಬೀಸಾಕ ಆಗವಲ್ದು ಅವರಿಗಿ. ಬಟ್ಟ ಮಡಚವಲ್ದು, ಹಗ್ಗ ಜಾರ್ತೈತಿ. ಗಿರಕಿ ಆದ್ರ ಅಂಗೈಲೆ ತಿರುವಬಹುದು ಅಂತಾರ. ದಿನಾ ಅದಽ ಹಾಡು. ಗೂಟದ ಕಡೆ ನೋಡೂದು, ನನ್ನ ಕಡೆ ನೋಡೂದು."

ಕಾಮಣ್ಣ ಕೊನೆಯ ಸುತ್ತನ್ನು ಕೋಲಿಗೆ ಸುತ್ತಿ ಮುಗಿಸುತ್ತಾನೆ.

"ನನಗ ಜೋಲಿ ನೋಡಬೇಕಾಗೇತಿ," ಎಂದು ಅವಳು ಕೈ ಚಾಚುತ್ತಾಳೆ.

ಅವನು ಕೋಲನ್ನು ನೇರವಾಗಿ ಅವಳ ಕೈಗೆ ಕೊಡದೆ ಕಲ್ಲಿನ ಮೇಲಿಡುತ್ತಾನೆ. ಅವಳು ಎತ್ತಿಕೊಂಡು ಕೂರುತ್ತಾಳೆ. ಅಂಬಿಗರ ಮನೆಯ ಹೆಂಗಸಿಗೆ ದಾರ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ಮಾರು ಎಳೆದು ಕೈ ಕೂಡಿಸುತ್ತಾಳೆ. ಜೋಲಿ ಇಳಿದು ಸುಮ್ಮನೆ ನಿಲ್ಲುತ್ತದೆ. ಇನ್ನಷ್ಟು ಬಿಚ್ಚುತ್ತಾಳೆ, ಮತ್ತೆ ಕೂಡಿಸುತ್ತಾಳೆ. ನಿಲ್ಲುತ್ತದೆ. ಮಡಿಲ ತುಂಬ ದಾರ ಬೀಳುತ್ತದೆ, ಉಂಗುರ ಏಳುವುದಿಲ್ಲ. ಅವಳ ಹುಬ್ಬಿನ ಗಂಟು ಸಡಿಲುತ್ತದೆ.

ತೀರ ಒಳಗಿನ ಸುತ್ತಿಗೆ ಬಂದಾಗ ಜೋಲಿ ಅಲುಗುತ್ತದೆ. ಬಹಳವೇನಿಲ್ಲ. ಗಾಳಿಗೆ ಅಲುಗಿತೆನ್ನಬಹುದು. ತೊಟ್ಟಿಲು ಅರ್ಧ ಸುತ್ತು ತಿರುಗಿ, ಯೋಚಿಸಿದ ಹಾಗೆ ನಿಲ್ಲುತ್ತದೆ.

ಬೋರವ್ವ ಅದನ್ನೇ ನೋಡುತ್ತಾಳೆ. "ಇಷ್ಟಽ ಐತಿ," ಎನ್ನುತ್ತಾಳೆ, ಮೆಲ್ಲಗೆ. "ಇಷ್ಟಕ್ಕ ಏನೂ ಆಗೂದಿಲ್ಲಲ್ಲ? ನೀರಿಗಿ ಬಿದ್ರ ಹೋಗ್ತೈತಿ?"

ಹೋದ ವರ್ಷ ಇದೇ ದಂಡೆಯಲ್ಲಿ ಅವನೇ ಆಡಿದ ಮಾತು. ಅವಳು ಬೇಕೆಂದು ಆಡಿದಳೋ, ತಾನಾಗಿ ಬಂದಿತೋ, ತಾಯಿ ಕೃಷ್ಣೆಗೇ ಗೊತ್ತು. ಕಾಮಣ್ಣನ ಮುಖ ಕಿವಿಯವರೆಗೆ ಕೆಂಪಾಗುತ್ತದೆ. ವರ್ಷವಿಡೀ ಕಾದದ್ದು ಈ ಗಳಿಗೆಗೆ. ಹೂಂ ಎಂದರೆ ಸಾಕು, ಆ ಮನೆಯ ಗಿರಕಿ ಗೂಟದಿಂದ ಇಳಿಯುತ್ತದೆ, ಹೊಸ್ತಿಲು ತೆರೆಯುತ್ತದೆ.

"ಇಲ್ಲ ಬೋರವ್ವಾ," ಎನ್ನುತ್ತಾನೆ. "ಹೋಗೂದಿಲ್ಲ. ಒಳಗ ಇನ್ನೂ ಐತಿ. ಇದನ್ನ ಇವತ್ತ ಕೊಡಾಂಗಿಲ್ಲ."

"ನಾಳಿ?"

"ನಾಳಿ ಅಂತನೂ ಹೇಳಾಂಗಿಲ್ಲ. ಜೋಲಿ ನಿಂತ ದಿವಸ ಕೊಡ್ತೇನಿ. ನಿಲ್ಲಲಿಲ್ಲಂದ್ರ ಕೊಡೂದಿಲ್ಲ. ಹತ್ತೀ ಹುರಿ ಹೊಸದಾಗಿ ಹೊಸೆದ ಕೊಡ್ತೇನಿ."

ಬೋರವ್ವ ಮಡಿಲಲ್ಲಿ ಬಿದ್ದ ದಾರವನ್ನು ಕೋಲನ್ನು ತಿರುಗಿಸುತ್ತಲೇ ಒಪ್ಪವಾಗಿ ಸುತ್ತುತ್ತಾಳೆ. "ಆವತ್ತ ಈ ಮಾತ ಅಂದಿದ್ರ..." ಎಂದು ಶುರು ಮಾಡಿ ಅಲ್ಲಿಗೇ ಬಿಡುತ್ತಾಳೆ. ಆಮೇಲೆ ಸೆರಗಿನ ಮರೆಯಿಂದ ಏನನ್ನೋ ತೆಗೆದು ಕಲ್ಲಿನ ಮೇಲೆ, ಅವನ ಕೋಲಿನ ಪಕ್ಕದಲ್ಲಿ ಇಡುತ್ತಾಳೆ. ಜಾಲಿ ಕಟ್ಟಿಗೆಯ ಬರಿದು ಗಿರಕಿ. ವರ್ಷದ ಧೂಳು ಒರೆಸಿ, ಅಚ್ಚಿಗೆ ಎಣ್ಣೆ ಹಚ್ಚಿ ತಂದಿದ್ದಾಳೆ.

"ಇದು ನಿಮ್ಮ ಹತ್ರನಽ ಇರ್ಲಿ, ಕಾಮಣ್ಣಾರ," ಎನ್ನುತ್ತಾಳೆ, ಈ ಸಲ ಅವನ ಮುಖ ನೋಡಿ. "ಯಾವಾಗ ನಿಲ್ತೈತೋ ಆವಾಗ ಸುತ್ತಿ ತರ್ರಿ. ಮನೀಗಿ ತರ್ರಿ."

ಕೊಡ ತುಂಬಿಕೊಂಡು ಅವಳು ಮೇಲೇರುತ್ತಾಳೆ. ಕಾಮಣ್ಣ ಗಿರಕಿಯನ್ನು ಎರಡೂ ಕೈಯಲ್ಲಿ ಎತ್ತಿ, ಪ್ರಸಾದ ಬಂದ ಹಾಗೆ, ಹಣೆಗೊತ್ತಿಕೊಳ್ಳುತ್ತಾನೆ. ಅವನ ನಾಚಿಕೆ ಪೂರ್ತಿ ಹೋಗಿದೆಯೆಂದು ಹೇಳುವ ಹಾಗಿಲ್ಲ. ಒಳಗಿನ ಸುತ್ತಿನಲ್ಲಿ ಅದಿನ್ನೂ ಇದೆ.

ಬಿಸಿಲು ನೀರಿಗಿಳಿದಾಗ ಮಲಕಾಜಪ್ಪನ ಹರಗೋಲು ದಂಡೆಗೆ ತಾಗುತ್ತದೆ. ಜನ ಇಳಿಯುತ್ತಾರೆ. ಕಾಮಣ್ಣನಿಗೆ ಆಚೆ ದಂಡೆಯಲ್ಲಿ ಇನ್ನೊಬ್ಬರ ಗಿರಕಿ ಮುಟ್ಟಿಸುವುದಿದೆ. ಅಭ್ಯಾಸಬಲದಿಂದ ಹಾಯಿಗಡದ ಕಡೆ ಎರಡು ಹೆಜ್ಜೆ ಇಡುತ್ತಾನೆ.

"ಲೇ ಕಾಮ್ಯಾ," ಎಂದು ಮಲಕಾಜಪ್ಪ ಕೂಗುತ್ತಾನೆ, "ಇವತ್ತೂ ಸುತ್ತ ಹಾಕಿ ಹೋಗಾಂವೇನು? ನನ್ನ ಹರಗೋಲ ಏನ ಕಡೀತೈತೇನು ನಿನಗ? ಹತ್ತು."

ಕಾಮಣ್ಣ ನಿಲ್ಲುತ್ತಾನೆ. ತಿರುಗಿ ಬರುತ್ತಾನೆ. ಹತ್ತಿ, ಗೆಳೆಯನ ಎದುರಿಗೇ ಕೂರುತ್ತಾನೆ. ಹರಗೋಲು ಒಂದು ಸುತ್ತು ತಿರುಗಿ ನಡುಹೊಳೆಯತ್ತ ಸಾಗುತ್ತದೆ. ಹುಟ್ಟಿನ ಮೇಲೆ ನಾಲ್ಕು ಬೆರಳು ಮಡಚಿವೆ, ಒಂದು ನೆಟ್ಟಗೆ ನಿಂತಿದೆ. ಬುಡದಲ್ಲಿ ಬಿಳಿಯ ಗೆರೆ. ಕಾಮಣ್ಣ ಅದನ್ನು ಮೊದಲ ಸಲ ಕಣ್ಣು ತುಂಬ ನೋಡುತ್ತಾನೆ.

"ನೋಯ್ತೈತೇನೋ?" ಎನ್ನುತ್ತಾನೆ.

ಮಲಕಾಜಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸುವುದಿಲ್ಲ. ಉಂಗುರದ ಚೇಷ್ಟೆಯನ್ನೂ ಆಡುವುದಿಲ್ಲ.

"ಥಂಡ್ಯಾಗ ನೋಯ್ತೈತಿ," ಎನ್ನುತ್ತಾನೆ.